ಓದುಗರ ಪ್ರಶ್ನೆ: ಅಳಿಯ ಲೇಗೋಸಿಗೆ ಹೊರಟಿದ್ದಾನೆ, ಅಲ್ಲಿನ ಬ್ಯಾಂಕ್ ನಂಬಬಹುದಾ?

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ನಾನು ನೈಜೀರಿಯಾದ ಲೇಗೋಸಲ್ಲಿ ಏಳು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೆ ಅಂತ ಬರ್ದಿದ್ದೆ ನೋಡಿ, ಅದೇ ತಪ್ಪಾಯ್ತು. ಈ ಸಲ ಬಂದ ಕಾಗದ, ವಾಟ್ಸಾಪ್ ಎಲ್ಲಾ ಅದರ ಮೇಲೇನೆ. ಬೆಳೆಸಾಲದ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆ ತನಕ ಕಾಯ್ಬೇಕು, ಬೇಜಾರು ಮಾಡ್ಕೋಬೇಡಿ.

ಅಣ್ಣಾ, ನನ್ನ ಅಳಿಯನಿಗೆ ಲೇಗೋಸಲ್ಲಿ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸಂಬಳ ಅರ್ಧ ಡಾಲರಲ್ಲಿ, ಅರ್ಧ ಅಲ್ಲಿಯ ದುಡ್ಡಲ್ಲಿ ಅಂತಾರೆ. ಆ ದೇಶದಲ್ಲಿ ಬ್ಯಾಂಕ್‌ಗಳು ಮುಳುಗ್ತಾವೆ ಅಂತ ಯಾರೋ ಹೆದರಿಸಿದ್ರು. ಮಗಳಿಗೆ ನಿದ್ದೆ ಇಲ್ಲ. ಏನ್ ಮಾಡೋದು? (ಗೋಣಿಕೊಪ್ಪದ ಒಬ್ಬ ತಾಯಿ)

ತಂಗಿ, ಮೊದಲು ಮಗಳಿಗೆ ನಿದ್ದೆ ಮಾಡೋಕೆ ಹೇಳು. ನೈಜೀರಿಯಾದ ಬ್ಯಾಂಕಲ್ಲಿ ಸಂಬಳ ಹಾಕಿಸ್ಕೊಂಡು ಲಕ್ಷಾಂತರ ಜನ ಬದುಕ್ತಿದ್ದಾರೆ, ಅಲ್ಲಿ ಒಂದು ಬ್ಯಾಂಕಿಗಂತೂ 1894ರಿಂದ ಇತಿಹಾಸ ಇದೆ. ಮೊಬೈಲಲ್ಲಿ ಒಂದು ಬ್ಯಾಂಕಿಂದ ಇನ್ನೊಂದು ಬ್ಯಾಂಕಿಗೆ ದುಡ್ಡು ಆ ಕ್ಷಣದಲ್ಲೇ ಹೋಗೋ ವ್ಯವಸ್ಥೆ ಅವರಿಗೆ 2011ರಲ್ಲೇ ಬಂದಿತ್ತು, ನಮ್ಮ ಯುಪಿಐಗಿಂತ ಮುಂಚೆ. ನಾನು ಮೊದಲ ದಿನ ಬ್ಯಾಂಕಿಗೆ ಹೋದಾಗ ಬಾಗಿಲು ನೋಡಿಯೇ ದಂಗಾಗಿದ್ದೆ, ಗಾಜಿನ ಕೊಳವೆ ಥರ, ಒಬ್ಬರೇ ಒಳಗೆ ನಿಲ್ಬೇಕು, ಹಿಂದಿನ ಬಾಗಿಲು ಮುಚ್ಚಿದ ಮೇಲೇನೆ ಮುಂದಿಂದು ತೆರೆಯೋದು, ಜೇಬಲ್ಲಿ ಬೀಗದ ಕೈ ಗೊಂಚಲು ಇದ್ರೆ ಅದು ಕುಯ್ಯೋ ಅಂತ ಕೂಗಿ ವಾಪಸ್ ಕಳ್ಸುತ್ತೆ. ಇಷ್ಟು ಭದ್ರ ಇರೋ ಕಡೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಹೋಗೋದು ಬಾಗಿಲಿಂದ ಅಲ್ಲ, ಬೆಲೆಯಿಂದ.

ಬ್ಯಾಂಕ್ ಮುಳುಗುತ್ತೋ ಇಲ್ವೋ ಅನ್ನೋದಕ್ಕಿಂತ ನಿನ್ನ ಅಳಿಯ ನೋಡ್ಬೇಕಾದ್ದು ಅಲ್ಲಿಯ ದುಡ್ಡು ನೈರಾನ. ಜೂನ್ 2023ರಲ್ಲಿ ಸರ್ಕಾರ ಹಿಡಿದಿಟ್ಟಿದ್ದ ರೇಟ್ ಬಿಟ್ಟಾಗ ಒಂದು ಡಾಲರಿಗೆ 470 ನೈರಾ ಇದ್ದದ್ದು ಕೆಲವೇ ತಿಂಗಳಲ್ಲಿ 1,500 ದಾಟಿತು. ಬ್ಯಾಂಕ್ ಅಲ್ಲೇ ಇತ್ತು, ಪಾಸ್‌ಬುಕ್ಕಲ್ಲಿ ಅಂಕಿ ಅಷ್ಟೇ ಇತ್ತು, ಊರಿಗೆ ಕಳಿಸೋಕೆ ಹೋದ್ರೆ ಮೂರನೇ ಒಂದು ಭಾಗ. ಅದಕ್ಕೇ ಹೇಳೋದು, ಡಾಲರ್ ಭಾಗನ ಕಂಪನಿಯವರೇ ನೇರ ಇಂಡಿಯಾದ ಎನ್‌ಆರ್‌ಇ ಅಕೌಂಟಿಗೆ (ಹೊರದೇಶದಲ್ಲಿ ದುಡಿಯೋರು ಇಲ್ಲಿ ಇಡೋ ಅಕೌಂಟು) ಹಾಕ್ತಾರಾ ಅಂತ ಹೊರಡೋಕೆ ಮುಂಚೆ ಆಫರ್ ಲೆಟರಲ್ಲಿ ಬರೆಸ್ಕೊಳ್ಳಲಿ. ಅಲ್ಲೇ ಡಾಲರ್ ಇಡೋ ಅಕೌಂಟಿಗೆ ಡೊಮಿಸಿಲಿಯರಿ ಅಕೌಂಟ್ ಅಂತಾರೆ, ಅದೂ ಪರವಾಗಿಲ್ಲ, ಆದ್ರೆ ಡಾಲರ್ ಅಭಾವ ಇದ್ದಾಗ ನೋಟಾಗಿ ಕೈಗೆ ಸಿಗೋದು ಕಷ್ಟ. ನೈರಾ ಭಾಗ ಆ ತಿಂಗಳ ಬಾಡಿಗೆ, ಜನರೇಟರ್ ಡೀಸೆಲ್ಲು, ಊಟಕ್ಕೆ ಖರ್ಚಾಗಲಿ, ಕೂಡಿಡಬಾರದು. ಮಿಕ್ಕಿ ಬ್ಯಾಂಕಲ್ಲಿ ಉಳಿದ ಠೇವಣಿಗೆ, ಬ್ಯಾಂಕ್ ಮುಳುಗಿದ್ರೆ ಅಂತ ಇನ್ಶೂರೆನ್ಸ್ ಇದೆ, 2024ರಲ್ಲಿ ಅದರ ಮಿತಿನ 5 ಲಕ್ಷ ನೈರಾದಿಂದ 50 ಲಕ್ಷ ನೈರಾಕ್ಕೆ ಏರಿಸಿದ್ರು. ಕೇಳೋಕೆ ದೊಡ್ಡದು, ನಮ್ಮ ದುಡ್ಡಲ್ಲಿ ಮೂರು ಲಕ್ಷದ ಆಸುಪಾಸು. ಇಲ್ಲಿ ನಮಗೆ ಐದು ಲಕ್ಷ ಇದೆಯಲ್ಲ, ಅದೇ ಥರದ್ದು. ಸುಮ್ನೆ ಕಾಗದದ ಮೇಲಿನ ನಿಯಮ ಅಲ್ಲ ಅದು, ಜೂನ್ 2024ರಲ್ಲಿ ಹೆರಿಟೇಜ್ ಬ್ಯಾಂಕಿನ ಲೈಸೆನ್ಸ್ ರದ್ದಾದಾಗ ಠೇವಣಿದಾರರಿಗೆ ಕೊಡೋಕೆ ಶುರು ಮಾಡಿದ್ರು.

ಇನ್ನೊಂದು, ಹೋದ ಕೂಡ್ಲೇ ಬಿವಿಎನ್ ಮಾಡಿಸ್ಕೊಳ್ಳಲಿ. ಬೆರಳಚ್ಚು ಕೊಟ್ಟು ತಗೊಳ್ಳೋ ಹನ್ನೊಂದು ಅಂಕಿಯ ನಂಬರು, 2014ರಲ್ಲಿ ತಂದದ್ದು, ಅದಿಲ್ಲದೆ ಬ್ಯಾಂಕಲ್ಲಿ ಯಾವ ಕೆಲಸವೂ ನಡೆಯಲ್ಲ.

ಸರ್, ನಾನು ಬಿ.ಕಾಂ. ಎರಡನೇ ವರ್ಷ. ನೈಜೀರಿಯಾದ ಜಿಡಿಪಿಯಲ್ಲಿ ಎಣ್ಣೆ ಪಾಲು ಹತ್ತು ಪರ್ಸೆಂಟೂ ಇಲ್ಲ ಅಂತ ಓದಿದೆ. ಹಾಗಿದ್ರೆ ಎಣ್ಣೆ ಬೆಲೆ ಬಿದ್ರೆ ಬ್ಯಾಂಕ್ ಯಾಕೆ ಒದ್ದಾಡುತ್ತೆ? (ವಿರಾಜಪೇಟೆಯ ವಿದ್ಯಾರ್ಥಿ)

ಭಾರೀ ಒಳ್ಳೆ ಪ್ರಶ್ನೆ ತಮ್ಮಾ, ಇದನ್ನೇ ನಾನು ಅಲ್ಲಿ ಹೋದ ಮೊದಲ ವರ್ಷ ಕೇಳಿದ್ದೆ. ಜಿಡಿಪಿಯಲ್ಲಿ ಪಾಲು ಕಮ್ಮಿ ನಿಜ, ಆದ್ರೆ ದೇಶಕ್ಕೆ ಬರೋ ರಫ್ತಿನ ಡಾಲರಲ್ಲಿ ಎಂಬತ್ತು ತೊಂಬತ್ತು ಪರ್ಸೆಂಟ್ ಎಣ್ಣೆ, ಗ್ಯಾಸಿಂದಾನೇ. 1956ರಲ್ಲಿ ನೈಜರ್ ನದಿ ಮುಖಜ ಭೂಮಿಯ ಓಲೊಯಿಬಿರಿ ಅನ್ನೋ ಹಳ್ಳೀಲಿ ಎಣ್ಣೆ ಸಿಕ್ಕಿತು, ಎರಡು ವರ್ಷಕ್ಕೆ ಹಡಗಲ್ಲಿ ಹೊರಗೆ ಹೋಯ್ತು, ಅಲ್ಲಿಂದ ಶುರು.

ನಮ್ಮೂರಿನ ಲೆಕ್ಕದಲ್ಲಿ ಹೇಳ್ತೀನಿ. ಒಂದು ಊರಲ್ಲಿ ಬ್ಯಾಂಕಿಂದ ಸಾಲ ತಗೊಂಡವರಲ್ಲಿ ತೋಟದವನು ಒಬ್ಬ, ಪಿಕ್‌ಅಪ್ ಗಾಡಿಯವನು ಒಬ್ಬ, ಗೊಬ್ಬರದಂಗಡಿಯವನು ಒಬ್ಬ, ಹೋಂಸ್ಟೇ ಕಟ್ಟಿದವನು ಒಬ್ಬ. ಮ್ಯಾನೇಜರ್ ರಿಜಿಸ್ಟರ್ ತೆಗೆದು ನೋಡಿ, ಆಹಾ ನಾಲ್ಕು ಬೇರೆ ಬೇರೆ ವ್ಯವಹಾರ, ನಾಲ್ಕೂ ಒಟ್ಟಿಗೆ ಮುಳುಗೋದಿಲ್ಲ ಅಂದ್ಕೊಳ್ತಾನೆ. ಆದ್ರೆ ಕಾಫಿ ಚೆರ್ರಿ ಮೂಟೆ ಬೆಲೆ ಬಿದ್ದ ವರ್ಷ ಗಾಡಿಗೆ ಬಾಡಿಗೆ ಇಲ್ಲ, ಗೊಬ್ಬರದಂಗಡಿ ಉದ್ರಿ ವಸೂಲಿ ಇಲ್ಲ, ಹೋಂಸ್ಟೇ ಕಟ್ಟಿದವನೂ ಅಸಲಿಗೆ ತೋಟದವನೇ, ಮೇಲಿಂದ ಇವರೆಲ್ಲಾ ಒಬ್ಬರಿಗೊಬ್ಬರು ಜಾಮೀನು. ಅಡಮಾನ ಇಟ್ಟ ಜಾಗದ ಬೆಲೆಯೂ ಅದೇ ವರ್ಷ ಇಳಿದಿರುತ್ತೆ. ರಿಜಿಸ್ಟರಲ್ಲಿ ನಾಲ್ಕು, ನಿಜದಲ್ಲಿ ಒಂದೇ ಸಾಲ.

ನೈಜೀರಿಯಾದಲ್ಲಿ ಇದೇ ಕತೆ, ದೇಶದಷ್ಟು ದೊಡ್ಡದಾಗಿ. ಎಣ್ಣೆ ಬಾವಿ ತಗೊಳ್ಳೋ ಸ್ಥಳೀಯ ಕಂಪನಿಗೆ ಬ್ಯಾಂಕ್ ಡಾಲರ್ ಸಾಲ ಕೊಡುತ್ತೆ. ಪೆಟ್ರೋಲ್ ಇಂಪೋರ್ಟ್ ಮಾಡೋನಿಗೂ ಕೊಡುತ್ತೆ, ಯಾಕಂದ್ರೆ ಕಚ್ಚಾ ಎಣ್ಣೆ ಮಾರೋ ದೇಶ ರಿಫೈನರಿ ಕೆಟ್ಟು ಕೂತಿದ್ದರಿಂದ ಪೆಟ್ರೋಲನ್ನ ಹೊರಗಿಂದ ತರಿಸ್ತಿತ್ತು, ನಾವು ಚೆರ್ರಿ ಮಾರಿ ಇನ್‌ಸ್ಟಂಟ್ ಕಾಫಿ ಬಾಟಲಿ ತಂದ ಹಾಗೆ. ಸರ್ಕಾರದ ಠೇವಣಿ ಇಟ್ಕೊಳ್ಳೋದೂ ಅದೇ ಬ್ಯಾಂಕು, ಸರ್ಕಾರಿ ಕಂಟ್ರಾಕ್ಟರಿಗೆ ಸಾಲ ಕೊಡೋದೂ ಅದೇ ಬ್ಯಾಂಕು. ಬ್ಯಾರೆಲ್ ಬೆಲೆ ಕುಸಿದ ದಿನ ಬಾವಿಯವನು ಕಟ್ಟಲ್ಲ, ಸರ್ಕಾರ ಕಂಟ್ರಾಕ್ಟರಿಗೆ ಬಿಲ್ ಕೊಡಲ್ಲ, ಡಾಲರ್ ಸಿಗಲ್ಲ, ನೈರಾ ಬೀಳುತ್ತೆ, ನೈರಾದಲ್ಲಿ ದುಡಿದು ಡಾಲರ್ ಸಾಲ ತೀರಿಸೋನು ಕೈ ಎತ್ತುತ್ತಾನೆ. ಎಲ್ಲಾ ಒಂದೇ ವಾರ. ಹತ್ತು ಪರ್ಸೆಂಟ್ ಅನ್ನೋದು ಪರೀಕ್ಷೆಗೆ ಬರಿ, ವೈವಾದಲ್ಲಿ ಈ ಕತೆ ಹೇಳು.

2008ರಲ್ಲಿ ಇದನ್ನ ಕಣ್ಣಾರೆ ನೋಡಿದೀನಿ. ಅದಕ್ಕೆ ಮುಂಚೆ 2004ರಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ (ನಮ್ಮ ರಿಸರ್ವ್ ಬ್ಯಾಂಕ್ ಥರ) ಗವರ್ನರ್ ಚಾರ್ಲ್ಸ್ ಸೊಲುಡೊ ಅನ್ನೋರು, ಬ್ಯಾಂಕ್ ನಡೆಸೋಕೆ ಬಂಡವಾಳ 200 ಕೋಟಿ ನೈರಾ ಸಾಲದು, 2,500 ಕೋಟಿ ತನ್ನಿ, 2005ರ ಕೊನೆ ಗಡುವು ಅಂದ್ರು. ಇದ್ದದ್ದು 89 ಬ್ಯಾಂಕು, ಒಂದನ್ನೊಂದು ನುಂಗಿ ಉಳಿದದ್ದು 25. ಕೇಳೋಕೆ ಚೆಂದ. ಆದ್ರೆ ಅಷ್ಟು ಬಂಡವಾಳ ಒಮ್ಮೆಗೇ ಬಂದು ಕೂತಾಗ ಅದನ್ನ ಎಲ್ಲಿ ಹಾಕೋದು? ಶೇರು ಕೊಳ್ಳೋಕೆ ಸಾಲ ಕೊಟ್ರು, ಅದರಲ್ಲಿ ಬ್ಯಾಂಕಿನದೇ ಶೇರು ಕೂಡ. ನಮ್ಮ ಆಫೀಸಿನ ಡ್ರೈವರ್, ನನ್ನನ್ನ 'ಓಗಾ' ಅಂತ ಕರೀತಿದ್ದ, ಅಂದ್ರೆ ಧಣಿ, ಮಗಳ ಮದುವೆಗೆ ಕೂಡಿಟ್ಟದ್ದನ್ನೆಲ್ಲಾ ಬ್ಯಾಂಕ್ ಶೇರಿಗೆ ಹಾಕಿ ದಿನಾ ಬೆಳಿಗ್ಗೆ ಸ್ಟೀರಿಂಗ್ ಮೇಲೆ ಪೇಪರ್ ಹರಡ್ಕೊಂಡು ರೇಟ್ ಓದ್ತಿದ್ದ, ನಾನು ಹಿಂದೆ ಕೂತು ಲೇಟಾಗುತ್ತೆ ಮಾರಾಯ ಅಂತ ಬೈತಿದ್ದೆ. ಮಾರ್ಚ್ 2008ರಲ್ಲಿ ಅಲ್ಲಿನ ಶೇರುಪೇಟೆ ಸೂಚ್ಯಂಕ 66,000ದ ಹತ್ತಿರ. ಜುಲೈಯಲ್ಲಿ ಎಣ್ಣೆ ಬ್ಯಾರೆಲಿಗೆ 147 ಡಾಲರ್, ಡಿಸೆಂಬರಿಗೆ 40ಕ್ಕಿಂತ ಕೆಳಗೆ. ಮುಂದಿನ ವರ್ಷದ ಶುರುವಿನಲ್ಲಿ ಸೂಚ್ಯಂಕ 20,000ದ ಆಸುಪಾಸು. ಅವನು ಪೇಪರ್ ತರೋದು ಬಿಟ್ಟ. ನಾನೂ ಕೇಳ್ಲಿಲ್ಲ.

ಆಗಸ್ಟ್ 2009ರಲ್ಲಿ ಹೊಸ ಗವರ್ನರ್ ಸನುಸಿ ಲಮಿಡೊ ಸನುಸಿ ಐದು ಬ್ಯಾಂಕಿನ ಎಂಡಿಗಳನ್ನ ಒಂದೇ ದಿನ ಮನೆಗೆ ಕಳಿಸಿದ್ರು, ಆಮೇಲೆ ಇನ್ನೂ ಮೂರು. ಒಟ್ಟು 62,000 ಕೋಟಿ ನೈರಾ ಸುರಿದು ಆ ಬ್ಯಾಂಕುಗಳನ್ನ ನಿಲ್ಲಿಸಿದ್ರು, ಕೆಟ್ಟ ಸಾಲಗಳನ್ನ ಕೊಳ್ಳೋಕೆ ಅಂತಾನೇ 2010ರಲ್ಲಿ ಆಮ್‌ಕಾನ್ ಅನ್ನೋ ಸಂಸ್ಥೆ ಆಯ್ತು. ಠೇವಣಿ ಇಟ್ಟವರ ದುಡ್ಡು ಉಳೀತು, ಶೇರು ಕೊಂಡವರದ್ದು ಹೋಯ್ತು. ಸನುಸಿ ಆಮೇಲೆ 2014ರಲ್ಲಿ ಎಣ್ಣೆ ದುಡ್ಡಿನ ಲೆಕ್ಕ ಸಿಗ್ತಿಲ್ಲ ಅಂತ ಬಾಯಿಬಿಟ್ಟು ಸಸ್ಪೆಂಡ್ ಆದ್ರು, ಅದೇ ವರ್ಷ ಕಾನೋದ ಎಮೀರ್, ಅಂದ್ರೆ ಅಲ್ಲಿಯ ರಾಜ, ಆದ್ರು. ನಮ್ಮ ರಿಸರ್ವ್ ಬ್ಯಾಂಕ್ ಗವರ್ನರ್ ಯಾರೂ ಮಹಾರಾಜ ಆದದ್ದು ನಾನು ಕೇಳಿಲ್ಲ.

ಕಾಳುಮೆಣಸು ವ್ಯಾಪಾರ ನಮ್ದು. ಲೇಗೋಸಿನ ಒಬ್ಬ ಬಯರ್ ಇಮೇಲ್ ಮಾಡಿದ್ದಾನೆ, ಒಳ್ಳೆ ರೇಟ್. ಮಾಲು ಕಳಿಸಿದ ಮೇಲೆ ಪೇಮೆಂಟ್ ಅಂತಾನೆ. ಕಳಿಸಬಹುದಾ? (ಸೋಮವಾರಪೇಟೆ)

ಬೇಡ.

ಇಷ್ಟೇ ಬರೆದ್ರೆ ಸಂಪಾದಕರು ಬೈತಾರೆ, ಅದಕ್ಕೆ ನಾಲ್ಕು ಮಾತು. ಬಯರ್ ನಿಜವೋ ಸುಳ್ಳೋ ಮೊದಲು ನೋಡಿ, ಅಲ್ಲಿ ಮೋಸಕ್ಕೆ ನಾಲ್ಕು-ಒಂದು-ಒಂಬತ್ತು ಅಂತಾನೇ ಹೆಸರು, ಅವರ ಕ್ರಿಮಿನಲ್ ಕೋಡಿನ 419ನೇ ಸೆಕ್ಷನ್ನಿಂದ ಬಂದದ್ದು. ಬಯರ್ ಪ್ರಾಮಾಣಿಕನೇ ಆದ್ರೂ ಅವನ ಬ್ಯಾಂಕಲ್ಲಿ ಡಾಲರ್ ಇರಬೇಕಲ್ಲ. 2022ರಲ್ಲಿ ವಿಮಾನ ಕಂಪನಿಗಳಿಗೇ ಟಿಕೆಟ್ ಮಾರಿದ ದುಡ್ಡನ್ನ ಹೊರಗೆ ಒಯ್ಯೋಕಾಗದೆ ಎಮಿರೇಟ್ಸ್ ಲೇಗೋಸಿಗೆ ಹಾರೋದನ್ನೇ ನಿಲ್ಲಿಸಿತ್ತು, ವಾಪಸ್ ಬಂದದ್ದು 2024ರ ಅಕ್ಟೋಬರಲ್ಲಿ. ಈಗ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಆದ್ರೂ ಅಡ್ವಾನ್ಸ್ ತಗೊಳ್ಳಿ, ಇಲ್ಲಾ ಬೇರೆ ದೇಶದ ದೊಡ್ಡ ಬ್ಯಾಂಕ್ ಕನ್ಫರ್ಮ್ ಮಾಡಿದ ಎಲ್‌ಸಿ (ದುಡ್ಡಿಗೆ ಬ್ಯಾಂಕೇ ಹೊಣೆ ನಿಲ್ಲೋ ಪತ್ರ) ಕೇಳಿ, ಇಸಿಜಿಸಿ ಪಾಲಿಸಿ (ರಫ್ತಿನ ದುಡ್ಡು ಬರದಿದ್ರೆ ಪರಿಹಾರ ಕೊಡೋ ಸರ್ಕಾರಿ ವಿಮೆ) ಮಾಡಿಸಿ.

ಒಂದು ತಮಾಷೆ. 2015ರಲ್ಲಿ ಡಾಲರ್ ಉಳಿಸೋಕೆ ಅಲ್ಲಿನ ಸೆಂಟ್ರಲ್ ಬ್ಯಾಂಕ್, ಈ 41 ಸಾಮಾನು ತರಿಸೋಕೆ ಅಧಿಕೃತ ಡಾಲರ್ ಕೊಡಲ್ಲ ಅಂತ ಪಟ್ಟಿ ಹಾಕಿತ್ತು. ಅಕ್ಕಿ, ಸಿಮೆಂಟು, ಹಲ್ಲುಕಡ್ಡಿ, ಖಾಸಗಿ ಜೆಟ್ ವಿಮಾನ, ಅದರ ಜೊತೆಗೇ ಇಂಡಿಯಾದ ಊದುಬತ್ತಿ! ಜೆಟ್ ವಿಮಾನದ ಸಾಲಲ್ಲಿ ನಮ್ಮ ಊದುಬತ್ತಿಗೆ ಜಾಗ ಸಿಕ್ಕಿತು ಅಂತ ನಕ್ಕಿದ್ದೇ ನಕ್ಕಿದ್ದು. 2023ರ ಅಕ್ಟೋಬರಲ್ಲಿ ಆ ನಿರ್ಬಂಧ ತೆಗೆದ್ರು.

ಅಲ್ಲಿಯ ಬ್ಯಾಂಕಲ್ಲಿ ಬಡ್ಡಿ ಇಪ್ಪತ್ತು ಪರ್ಸೆಂಟ್ ಮೇಲೆ ಅಂತೆ, ಬ್ಯಾಂಕುಗಳಿಗೂ ದಾಖಲೆ ಲಾಭ ಅಂತೆ. ನಮ್ಮ ಹುಡುಗ್ರು ಅಲ್ಲಿದ್ದಾರೆ, ಎಫ್‌ಡಿ ಇಡಿಸಬಹುದಲ್ಲ? (ಮಡಿಕೇರಿಯ ನಿವೃತ್ತ ನೌಕರರು)

ಸ್ವಾಮಿ, 2024ರ ಡಿಸೆಂಬರಲ್ಲಿ ಅಲ್ಲಿ ಹಣದುಬ್ಬರ 34.8 ಪರ್ಸೆಂಟ್. ಆಗ ಇಪ್ಪತ್ತು ಬಂದಿದ್ರೂ ನಷ್ಟ ನಿಮಗೇ ಆಗ್ತಿತ್ತು.

ದಾಖಲೆ ಲಾಭದ ಮಾತಿಗೆ ಬಂದ್ರೆ, ಅದು ಹೇಗೆ ಬಂತು ನೋಡಿ. ಬ್ಯಾಂಕ್ ಹತ್ರ ನೂರು ಡಾಲರ್ ಆಸ್ತಿ ಇತ್ತು ಅನ್ನಿ, ಪುಸ್ತಕದಲ್ಲಿ 47,000 ನೈರಾ. ರೇಟ್ 750 ಆದ ದಿನ ಅದೇ ನೂರು ಡಾಲರ್ 75,000. ಯಾರಿಗೂ ಸಾಲ ಕೊಡ್ಲಿಲ್ಲ, ಒಂದು ಕಾಗದ ಅತ್ತಿತ್ತ ಸರಿಸಲಿಲ್ಲ, 28,000 ಲಾಭ. ಗೋಡೌನಲ್ಲಿ ಮರೆತು ಬಿಟ್ಟಿದ್ದ ಕಾಫಿ ಮೂಟೆಗೆ 2024ರಲ್ಲಿ ಹತ್ತು ಸಾವಿರ ದಾಟಿದ ರೇಟ್ ಸಿಕ್ಕ ಹಾಗೆ, ಅದನ್ನ ಕೃಷಿ ಸಾಧನೆ ಅಂತ ಸನ್ಮಾನ ಮಾಡಿಸ್ಕೊಂಡ್ರೆ ಹೇಗಿರುತ್ತೆ? ಸೆಂಟ್ರಲ್ ಬ್ಯಾಂಕೂ ಬುದ್ಧಿವಂತರೇ, ಈ ಲಾಭನ ಡಿವಿಡೆಂಡ್ ಹಂಚಬೇಡಿ ಅಂತ 2023ರಲ್ಲೇ ಹೇಳ್ತು, ಮರುವರ್ಷ ಸರ್ಕಾರ ಅದರ ಮೇಲೆ 70 ಪರ್ಸೆಂಟ್ ತೆರಿಗೆ ಹಾಕ್ತು.

ನನಗೆ ಬೇಜಾರು ಅನ್ಸೋದು ಬೇರೆ. ಅಲ್ಲಿ ಬ್ಯಾಂಕ್ ಸಾಮಾನ್ಯರಿಗೆ ಸಾಲ ಕೊಡೋದೇ ಕಮ್ಮಿ. ಸೆಂಟ್ರಲ್ ಬ್ಯಾಂಕಿನ ಬಡ್ಡಿದರ 2024ರ ಕೊನೆಗೆ 27.5, ನೂರು ನೈರಾ ಠೇವಣಿ ಬಂದ್ರೆ ಐವತ್ತು ನೈರಾ ಸೆಂಟ್ರಲ್ ಬ್ಯಾಂಕಲ್ಲಿ ಬಡ್ಡಿ ಇಲ್ದೆ ಇಡ್ಬೇಕಿತ್ತು, ನಮ್ಮಲ್ಲಿ ಅದು ಮೂರು ನಾಲ್ಕು ರೂಪಾಯಿ. ಉಳಿದದ್ದನ್ನ ಟ್ರೆಷರಿ ಬಿಲ್ಲಿಗೆ, ಅಂದ್ರೆ ಸರ್ಕಾರಕ್ಕೇ ಕೊಡೋ ಸಾಲಕ್ಕೆ, ಹಾಕಿ ಕಾಲು ಮೇಲೆ ಕಾಲು ಹಾಕಿ ಕೂರೋದು ಸುಲಭ. ಟೊಮೆಟೊ ಬೆಳೆಯೋನಿಗೆ ಯಾರು ಕೊಡ್ತಾರೆ? ಇಲ್ಲಿ ನಾವು ಸೊಸೈಟಿ ಬೆಳೆಸಾಲನ ಎಷ್ಟು ಬೈದ್ರೂ ಹೋಗಿ ಸಹಿ ಹಾಕಿದ್ರೆ ಸಿಗುತ್ತೆ.

ಈಗಿನ ಗವರ್ನರ್ ಒಲಾಯೆಮಿ ಕಾರ್ಡೊಸೊ ಮತ್ತೆ ಬಂಡವಾಳ ಏರಿಸಿದ್ದಾರೆ, ಹೊರದೇಶದಲ್ಲೂ ಶಾಖೆ ಇರೋ ಬ್ಯಾಂಕಿಗೆ 50,000 ಕೋಟಿ ನೈರಾ, ಗಡುವು 2026ರ ಮಾರ್ಚ್ 31. ಬಂಡವಾಳ ಬೇಕು ನಿಜ. ಆದ್ರೆ 2005ರ ಮೇಲೆ ಏನಾಯ್ತು ಅಂತ ನೋಡಿದವನಾಗಿ ನನಗೆ ಅದು ಬಂದ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದೇ ಚಿಂತೆ.

2023ರಲ್ಲಿ ಅಲ್ಲೂ ನೋಟ್‌ಬಂದಿ ಆಗಿತ್ತಂತೆ, ಹೌದಾ? (ನಾಪೋಕ್ಲು)

ಹೌದು. 200, 500, 1,000 ನೈರಾ ನೋಟು ಬದಲಿಸಿದ್ರು, ಹೊಸ ನೋಟು ಸಾಕಷ್ಟು ಬರಲೇ ಇಲ್ಲ. ಅಲ್ಲಿ ರಸ್ತೆ ಬದಿ ಕೊಡೆ ನೆಟ್ಟು ಪ್ಲಾಸ್ಟಿಕ್ ಮೇಜು ಹಾಕಿ, ಕೈಯಲ್ಲಿ ಸ್ವೈಪ್ ಮಷಿನ್ ಹಿಡ್ಕೊಂಡು ಕೂರ್ತಾರೆ, ಪಿಒಎಸ್ ಅಂತಾರೆ, ಅವರೇ ಜನರ ಎಟಿಎಂ. ಆ ಫೆಬ್ರವರಿ ನನ್ನ ಹಳೇ ಸಹೋದ್ಯೋಗಿ ಫೋನ್ ಮಾಡಿದ್ದ, ನೋಟು ತಗೊಳ್ಳೋಕೆ ನೋಟೇ ಕಮಿಷನ್ ಕೊಡ್ತಿದೀವಿ ಅಂತ. ಮಾರ್ಚ್ 3ರಂದು ಅಲ್ಲಿನ ಸುಪ್ರೀಂ ಕೋರ್ಟು ಹಳೇ ನೋಟೂ ನಡೀಲಿ ಅಂತು.

ನಮ್ಮ ಯಜಮಾನ್ರು 2012ರಲ್ಲಿ ಹಡಗಿನ ಕೆಲಸದಲ್ಲಿ ಹೋಗಿದ್ದಾಗ ತಂದ ಆರು 500 ನೈರಾ ನೋಟು ಬೀರುವಲ್ಲಿದೆ. ಬದಲಾಯಿಸಬಹುದಾ? (ಕುಶಾಲನಗರ)

ಅಮ್ಮಾ, ನೋಟು ಅಲ್ಲಿ ಈಗಲೂ ನಡೆಯುತ್ತೆ, ಇಲ್ಲಿ ಯಾವ ಬ್ಯಾಂಕೂ ಮುಟ್ಟಲ್ಲ. ಅವರು ತಂದಾಗ ಒಂದೊಂದು ನೋಟು ಹತ್ತಿರ ಹತ್ತಿರ 170 ರೂಪಾಯಿ ಆಗ್ತಿತ್ತು. ಈಗ ಮೂವತ್ತು ರೂಪಾಯಿ ಆಸುಪಾಸು. ಆರೂ ಸೇರಿ ಕುಶಾಲನಗರದಿಂದ ಮಡಿಕೇರಿಗೆ ಒಬ್ಬರು ಬಸ್ಸಲ್ಲಿ ಹೋಗಿ ಬಂದು ಒಂದು ಕಾಫಿ ಕುಡಿಯಬಹುದು. ಮೊಮ್ಮಕ್ಕಳಿಗೆ ಕೊಡಿ, ಆಡ್ಕೊಳ್ಳಲಿ.