ಕಥೆಪುಸ್ತಕಕ್ಕೆ ಬೀಗ ಹಾಕಿದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

9 ವರ್ಷದ ಹುಡುಗಿ. ಕೈಗೆ ಕಥೆಪುಸ್ತಕ ಸಿಕ್ಕರೆ ಕರೆದರೂ ಕೇಳಿಸದು. ಲೆಕ್ಕದ ಪುಸ್ತಕ ತೆಗೆದರೆ ಹೊಟ್ಟೆನೋವು. ಅಂಕ ಕಡಿಮೆ ಬಂತೆಂದು ಅಪ್ಪ ಅಮ್ಮ ಕಥೆಪುಸ್ತಕಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸಂಜೆ ಗಡಿಯಾರ ನೋಡಿಕೊಂಡು ಮಗ್ಗಿ ಕೇಳತೊಡಗಿದರು. ಹೊಟ್ಟೆನೋವು ಜಾಸ್ತಿಯಾಯಿತು. ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದ ಮೇಲೆ ನನ್ನ ಬಳಿ ಬಂದರು.

"ಇವಳಿಗೆ ಲೆಕ್ಕ ತಲೆಗೆ ಹತ್ತೋದೇ ಇಲ್ಲ ಮೇಡಂ" ಎಂದರು ಅಮ್ಮ, ಮಗಳ ಎದುರಿಗೇ. ಇಂಥ ಮಾತನ್ನು ಮಕ್ಕಳು ನಂಬಿಬಿಡುತ್ತಾರೆ.

ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಚದುರಂಗದ ಹಳೆಯ ಕಥೆ ಹೇಳಿದೆ. ಆಟ ಕಂಡುಹಿಡಿದವನು ರಾಜನಲ್ಲಿ ಬಹುಮಾನ ಕೇಳುತ್ತಾನೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೇ 64 ಮನೆಗೂ. ರಾಜ ನಕ್ಕು ಒಪ್ಪುತ್ತಾನೆ. ಅಲ್ಲಿಗೆ ಕಥೆ ನಿಲ್ಲಿಸಿದೆ. "ರಾಜ ಕೊಟ್ನಾ?" ಎಂದಳು. ಹಾಳೆ, ಪೆನ್ಸಿಲ್ ಮುಂದಿಟ್ಟೆ, ಅಷ್ಟೇ. 10ನೇ ಮನೆಗೆ 512 ಬರೆದವಳು ಹಿಂದಿನದನ್ನೆಲ್ಲ ಕೂಡತೊಡಗಿದಳು. 511 ಬಂತು. ಅದರ ಹಿಂದಿನ ಮನೆಗೂ ಕೂಡಿ ನೋಡಿದಳು. "ಯಾವಾಗ್ಲೂ ಒಂದೇ ಕಮ್ಮಿ!" ಎಂದು ಕೂಗಿದಳು. ಇದನ್ನು ನಾನು ಕೇಳಿರಲಿಲ್ಲ. ತಾನೇ ಕಂಡುಕೊಂಡದ್ದು. 64 ಮನೆಗೂ ಸೇರಿ 20 ಅಂಕಿಯ ಸಂಖ್ಯೆ ಬರುತ್ತದೆ ಎಂದಾಗ ರಾಜನ ಮೇಲೆ ಅವಳಿಗೆ ಕನಿಕರ ಬಂತು.

ಇವಳಿಗಿದ್ದದ್ದು ಭಯ. ಲೆಕ್ಕ ಮಾಡುವಾಗ ಅಂಕಿಗಳನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆ ಜಾಗ ಚಿಕ್ಕದು. ಭಯ ಬಂದು ಅಲ್ಲಿ ಕೂತರೆ ಗೊತ್ತಿರುವ ಉತ್ತರವೂ ಸಿಗುವುದಿಲ್ಲ. ಕಥೆಯೊಳಗಿದ್ದಾಗ ಆ ಭಯ ಇರಲಿಲ್ಲ.

ಮೊದಲು ಬೀರು ತೆಗೆಯಿರಿ ಎಂದೆ. ಗಡಿಯಾರ ಬೇಡ. ಓದುವಾಗ ಪುಟಕ್ಕೊಂದು ಪ್ರಶ್ನೆ ಹಾಕಬೇಡಿ, ಕಥೆಯೂ ಪರೀಕ್ಷೆಯಾಗಿಬಿಡುತ್ತದೆ. ಕಥೆ ಮುಂದೆ ಹೋಗಲು ಲೆಕ್ಕ ಬೇಕೇ ಬೇಕು ಅನ್ನುವಲ್ಲಿ ಮಾತ್ರ ಪೆನ್ಸಿಲ್ ಹಿಡಿಯಿರಿ. ಗೊತ್ತಿಲ್ಲದಿದ್ದರೆ ಅವಳ ಜೊತೆ ನೀವೂ ಹುಡುಕಿ. ಪಾಠದ ಲೆಕ್ಕಕ್ಕೆ ಅವಳೇ ಕಥೆ ಕಟ್ಟಲಿ. 36ನ್ನು 4ರಿಂದ ಭಾಗಿಸುವುದಕ್ಕೆ ಒಂದು ಕಥೆ ಕಟ್ಟಿದಳೆಂದರೆ ಭಾಗಾಕಾರ ಅರ್ಥವಾಗಿದೆ ಎಂದೇ ತಿಳಿಯಿರಿ.

ಅಪ್ಪನಿಗೆ ಅನುಮಾನ. ಕಥೆಯಿಂದ ಲೆಕ್ಕ ಬರುತ್ತಾ? 1150ರಲ್ಲೇ ಭಾಸ್ಕರಾಚಾರ್ಯರು ತಮ್ಮ ಗಣಿತಗ್ರಂಥ ಲೀಲಾವತಿಯಲ್ಲಿ ದುಂಬಿಗಳ ಲೆಕ್ಕ ಕೇಳಿದ್ದಾರೆ ಎಂದು ಹೇಳಿದೆ. ಐದನೇ ಒಂದು ಭಾಗ ಒಂದು ಹೂವಿಗೆ, ಮೂರನೇ ಒಂದು ಭಾಗ ಇನ್ನೊಂದಕ್ಕೆ, ಇವೆರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದಕ್ಕೆ. ಉಳಿದ ಒಂದು ದುಂಬಿ ಗಾಳಿಯಲ್ಲಿ ಸುತ್ತುತ್ತಿದೆ. ಒಟ್ಟು ಎಷ್ಟು? ಅವರೇ ಹಾಳೆ ತೆಗೆದುಕೊಂಡು 15 ಎಂದರು.

ಕಥೆಯೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ಮಗ್ಗಿ ಅಭ್ಯಾಸ ಬೇಕು, ದಿನಕ್ಕೆ ಸ್ವಲ್ಪ ಹೊತ್ತು. ಇನ್ನು ಕೆಲವು ಮಕ್ಕಳಿಗೆ ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದು ಎನ್ನುವುದೇ ಬಹಳ ಕಾಲ ತಿಳಿಯುವುದಿಲ್ಲ. ಅವರಿಗೆ ಡಿಸ್ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆಗಳನ್ನು ಗ್ರಹಿಸುವುದೇ ಕಷ್ಟವಾಗುವ ಕಲಿಕೆಯ ತೊಂದರೆ, ಇದೆಯೇ ಎಂದು ತಜ್ಞರಿಂದ ನೋಡಿಸಬೇಕು. ಇವಳಲ್ಲಿ ಅಂಥ ಲಕ್ಷಣ ಕಾಣಲಿಲ್ಲ.

ಈಗ ಹೊಟ್ಟೆನೋವು ಅಪರೂಪ. 7 ಮತ್ತು 8ರ ಮಗ್ಗಿಯಲ್ಲಿ ಇನ್ನೂ ತಡವರಿಸುತ್ತಾಳೆ. ಉತ್ತರಿಸಲು ಸ್ವಲ್ಪ ಸಮಯ ಕೊಡಿ ಎಂದು ಅವಳ ಟೀಚರ್‌ಗೂ ಅಮ್ಮ ಹೇಳಿದ್ದಾರೆ.