ಆಲ್ಗಾಂಕ್ವಿನ್‌ನಲ್ಲಿ ಬೀವರ್ ಕೊಳ ನೋಡಲು ಯಾವ ಟ್ರೇಲ್, ಯಾವ ಹೊತ್ತು?

ಕೆನಡಾದ ಒಂಟಾರಿಯೋದ ಆಲ್ಗಾಂಕ್ವಿನ್ ಪಾರ್ಕಿನಲ್ಲಿ ನೀವು ಹೋದ ಟ್ರೇಲ್ ಸರಿಯಾಗಿಯೇ ಇತ್ತು, ಹೊತ್ತು ಸರಿ ಇರಲಿಲ್ಲ. ಮಿಸಿಸಾಗಾದಿಂದ ಬೆಳಿಗ್ಗೆ ಹೊರಟು, ಮಧ್ಯಾಹ್ನದ ಬಿಸಿಲಲ್ಲಿ ಬೀವರ್ ಪಾಂಡ್ ಟ್ರೇಲ್ ಸುತ್ತಿ, ನೀರು ಬಿಟ್ಟು ಬೇರೇನೂ ಕಾಣಲಿಲ್ಲ ಅಂತ ಬರೆದಿದ್ದೀರಿ. ಈಗ ಜುಲೈಯಲ್ಲಿ ತುಮಕೂರಿನಿಂದ ಅಪ್ಪ ಅಮ್ಮ ಬರುತ್ತಾರೆ, ಅವರಿಗೆ ಮಂಡಿ ನೋವು, ಮತ್ತೆ ಅಲ್ಲಿಗೇ ಕರೆದುಕೊಂಡು ಹೋಗಬಹುದಾ ಅನ್ನೋದು ನಿಮ್ಮ ಪ್ರಶ್ನೆ. ಅಲ್ಲಿಗೇ ಕರೆದುಕೊಂಡು ಹೋಗಿ. ಆದರೆ ಸಂಜೆ ಏಳರ ಮೇಲೆ. ಬೀವರ್ ಅಂದರೆ ನೀರಲ್ಲಿ ವಾಸಿಸುವ, ಚಪ್ಪಟೆ ಬಾಲದ ದೊಡ್ಡ ದಂಶಕ ಪ್ರಾಣಿ. ಅದು ಹಗಲಿಡೀ ಗೂಡಿನೊಳಗೆ ಮಲಗಿರುತ್ತೆ, ಇಳಿಹೊತ್ತಿಗೆ ಎದ್ದು ರಾತ್ರಿಯೆಲ್ಲಾ ಕೆಲಸ ಮಾಡುತ್ತೆ. ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಹತ್ತಿರ, ಆದ್ದರಿಂದ ಬೆಳಕಿರುವಾಗಲೇ ಅದನ್ನು ನೋಡಲು ಸಾಕಷ್ಟು ಸಮಯ ಸಿಗುತ್ತೆ.

ಹೈವೇ 60 ಪಾರ್ಕಿನೊಳಗೆ ಸುಮಾರು 56 ಕಿಲೋಮೀಟರ್ ಹಾದುಹೋಗುತ್ತೆ. ಪಶ್ಚಿಮದ ಗೇಟಿನಿಂದ ಎಷ್ಟು ಕಿಲೋಮೀಟರ್ ಅನ್ನುವುದೇ ಅಲ್ಲಿ ಎಲ್ಲದಕ್ಕೂ ವಿಳಾಸ. ನಿಮಗೆ ಬೇಕಾದ ಮೂರು ಜಾಗಗಳೂ ಪೂರ್ವದ ಕಡೆ ಒತ್ತೊತ್ತಾಗಿವೆ: 42.5ರಲ್ಲಿ ಸ್ಪ್ರೂಸ್ ಬಾಗ್, 43ರಲ್ಲಿ ವಿಸಿಟರ್ ಸೆಂಟರ್, 45.2ರಲ್ಲಿ ಬೀವರ್ ಪಾಂಡ್. ಮಧ್ಯಾಹ್ನ ತಲುಪಿ ಮೊದಲು ವಿಸಿಟರ್ ಸೆಂಟರಿಗೆ ಹೋಗಿ. ಅದರ ಹಿಂದಿನ ಕಟ್ಟೆಯಿಂದ ಕೆಳಗಿನ ಕಣಿವೆ ಪೂರಾ ಕಾಣುತ್ತೆ. ಆಮೇಲೆ ಸ್ಪ್ರೂಸ್ ಬಾಗ್. ಒಂದೂವರೆ ಕಿಲೋಮೀಟರ್, ಜೌಗಿನ ಮೇಲೆ ಹಲಗೆ ಹಾಸಿದ ದಾರಿ, ಮಂಡಿ ನೋವಿನವರಿಗೂ ಕಷ್ಟವಿಲ್ಲ. ಬೀವರ್ ಪಾಂಡ್ ಎರಡು ಕಿಲೋಮೀಟರಿನ ಸುತ್ತು. ದೂರ ಕಡಿಮೆಯಾದರೂ ಬೇರು, ಕಲ್ಲು, ಸ್ವಲ್ಪ ಏರಿಳಿತ ಇದೆ. ಅಮ್ಮನಿಗೆ ಕೈಗೋಲು ಕೊಡಿ, ಪೂರ್ತಿ ಸುತ್ತಲೇಬೇಕು ಅಂತ ಹಟ ಬೇಡ. ಕೊಳದ ದಡ ಸಿಕ್ಕ ಕಡೆ ಕೂತುಬಿಡಿ. ಟ್ರೇಲ್ ಶುರುವಾಗುವಲ್ಲಿ ಇಡುವ ಚಿಕ್ಕ ಪುಸ್ತಿಕೆ ಮಾತ್ರ ತಪ್ಪದೆ ತೆಗೆದುಕೊಳ್ಳಿ. ದಾರಿಯಲ್ಲಿ ನೆಟ್ಟಿರುವ ನಂಬರ್ ಕಂಬಗಳಿಗೆ ಅದರಲ್ಲಿ ವಿವರಣೆ ಇದೆ, ತುಂಬಾ ಚೆನ್ನಾಗಿ ಬರೆದಿದ್ದಾರೆ.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಬೇರೆ. ಪ್ರಾಣಿಯನ್ನು ಮಾತ್ರ ಹುಡುಕಿಕೊಂಡು ಹೋದರೆ ಅಲ್ಲಿರುವುದರಲ್ಲಿ ಬಹುಪಾಲು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಕೊಳವೇ ಬೀವರ್ ಮಾಡಿದ್ದು. ತುಮಕೂರಿನ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಇದು ಕೆರೆ. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ನೀರು ನಿಲ್ಲಿಸುವುದು, ಹೆಚ್ಚಾದದ್ದು ಏರಿಯ ಮೇಲಿಂದ ಕೋಡಿಯಾಗಿ ಹರಿಯುವುದು, ವರ್ಷಗಟ್ಟಲೆ ತಳದಲ್ಲಿ ಗೋಡು ಕೂರುವುದು, ಎಲ್ಲವೂ ಅದೇ ಲೆಕ್ಕ. ಕೆರೆ ನೀರು ಕಂಡು ಬೆಳೆದವರನ್ನು ಆ ಅಣೆಯ ಮುಂದೆ ನಿಲ್ಲಿಸಿದರೆ ನೀವು ಹೆಚ್ಚು ಹೇಳಬೇಕಾಗಿಯೇ ಇಲ್ಲ. ಹತ್ತಿರದಿಂದ ನೋಡಿ: ನೀರಿನ ಕಡೆಯ ಮುಖಕ್ಕೆ ಕೆಸರು ಮೆತ್ತಿ ನುಣುಪು ಮಾಡಿರುತ್ತೆ, ಕೆಳಗಿನ ಕಡೆ ಕೊಂಬೆ ಕಡ್ಡಿಗಳು ಹೊರಚಾಚಿ ಒರಟಾಗಿರುತ್ತವೆ. ಒಂದೊಂದು ಕಡ್ಡಿಯ ತುದಿಯಲ್ಲೂ ಓರೆಯಾಗಿ ಕಡಿದ ಹಲ್ಲಿನ ಗುರುತು. ಹಳೆಯ ಏರಿಯ ಮೇಲೆ ಹುಲ್ಲು, ಗಿಡ ಬೆಳೆದು ಅದರ ಬೇರೇ ಮಣ್ಣನ್ನು ಹಿಡಿದಿರುತ್ತೆ. ಅದರ ಮೇಲೆ ಮಾತ್ರ ಹತ್ತಬೇಡಿ, ಮಕ್ಕಳನ್ನೂ ಹತ್ತಿಸಬೇಡಿ.

ಎಲ್ಲಿ ಸೋರುತ್ತಿದೆ ಅಂತ ಅದಕ್ಕೆ ಗೊತ್ತಾಗುವುದು ಹೆಚ್ಚಾಗಿ ಶಬ್ದದಿಂದ. ಸ್ವೀಡನ್ನಿನ ಲಾರ್ಸ್ ವಿಲ್ಸನ್ ಎಂಬ ಜೀವವಿಜ್ಞಾನಿ ಹರಿಯುವ ನೀರಿನ ಸದ್ದನ್ನು ಲೌಡ್‌ಸ್ಪೀಕರಿನಲ್ಲಿ ಹಾಕಿದಾಗ, ನೀರೇ ಹರಿಯದಿದ್ದರೂ ಬೀವರ್‌ಗಳು ಆ ಸದ್ದಿದ್ದ ಕಡೆ ಕಡ್ಡಿ ಕೆಸರು ಪೇರಿಸತೊಡಗಿದವು. ನೀರು ಆಳವಾಗಿ ನಿಲ್ಲುವುದು ಅದಕ್ಕೆ ಜೀವನ್ಮರಣದ ವಿಷಯ. ಗೂಡಿನ ಬಾಗಿಲು ನೀರಿನ ಕೆಳಗೆ ಇರುತ್ತೆ, ಮಲಗುವ ಜಾಗ ನೀರಿನ ಮೇಲೆ. ನೀರು ಇಳಿದರೆ ಬಾಗಿಲು ತೋಳಕ್ಕೆ ಕಾಣುತ್ತೆ. ಇನ್ನು ಚಳಿಗಾಲ. ಬೀವರ್ ಶಿಶಿರನಿದ್ರೆಗೆ ಹೋಗುವುದಿಲ್ಲ. ಶರತ್ಕಾಲದಲ್ಲೇ ಹಸಿ ಕೊಂಬೆಗಳನ್ನು ಗೂಡಿನ ಪಕ್ಕ ನೀರಲ್ಲಿ ಮುಳುಗಿಸಿ ಗುಡ್ಡೆ ಹಾಕಿಕೊಂಡು, ಮೇಲೆ ಮಂಜುಗಡ್ಡೆ ಕಟ್ಟಿದ ಮೇಲೆ ಅಡಿಯಿಂದಲೇ ಈಜಿ ಹೋಗಿ ತಂದು ತಿನ್ನುತ್ತೆ. ಕೊಳ ತಳದವರೆಗೆ ಹೆಪ್ಪುಗಟ್ಟಿದರೆ ಆ ಸಂಸಾರ ಮುಗಿದಂತೆ. ಗೂಡಿನಲ್ಲಿ ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹೋದ ವರ್ಷದ ಮರಿಗಳು ಒಟ್ಟಿಗೇ ಇರುತ್ತವೆ. ಎರಡು ವರ್ಷ ತುಂಬಿದವು ಬೇರೆ ಹಳ್ಳ ಹುಡುಕಿಕೊಂಡು ಹೊರಡುತ್ತವೆ.

ಕೊಳದಲ್ಲಿ ಈಗ ವಾಸ ಇದೆಯೋ ಇಲ್ಲವೋ ಅಂತ ಹಗಲಲ್ಲೇ ಹೇಳಬಹುದು. ಕಡಿದ ಬುಡ ಬೆಳ್ಳಗೆ ಹಸಿಯಾಗಿದ್ದು ಕೆಳಗೆ ಹೊಸ ಚಕ್ಕೆಗಳು ಬಿದ್ದಿದ್ದರೆ ಬೀವರ್ ಹತ್ತಿರದಲ್ಲೇ ಇದೆ. ಬುಡ ಬೂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ತೊಗಟೆ ಸುಲಿದ ಬೋಳು ಕಡ್ಡಿಗಳು ತೇಲುತ್ತಿದ್ದರೆ ನಿನ್ನೆ ಮೊನ್ನೆ ಊಟ ನಡೆದಿದೆ. ಹತ್ತಿರದ ಆಸ್ಪೆನ್ ಮರಗಳೆಲ್ಲ ಮುಗಿದು ಮೇವಿಲ್ಲವಾದಾಗ ಅವು ಜಾಗ ಬಿಡುತ್ತವೆ, ರಿಪೇರಿ ಮಾಡುವವರಿಲ್ಲದೆ ಏರಿ ಒಡೆಯುತ್ತೆ, ನೀರು ಹೋದ ಗೋಡಿನ ಮೇಲೆ ಹುಲ್ಲುಗಾವಲು ಏಳುತ್ತೆ, ನಿಧಾನಕ್ಕೆ ಕಾಡು ಮರಳುತ್ತೆ. ಹೀಗಾಗಿ ಹೋದ ಸಲ ತುಂಬಿದ್ದ ಕೊಳ ಈ ಸಲ ಬರಿದಾಗಿದ್ದರೆ ಪಾರ್ಕಿಗೆ ಏನೋ ಕೆಟ್ಟದ್ದಾಗಿದೆ ಅಂದುಕೊಳ್ಳಬೇಡಿ.

ಸಂಜೆ ಕೂತಾಗ ಗಾಳಿ ನಿಮ್ಮಿಂದ ಗೂಡಿನ ಕಡೆ ಬೀಸದ ಹಾಗೆ ಜಾಗ ಹಿಡಿಯಿರಿ. ಅದರ ಕಣ್ಣು ಅಷ್ಟಕ್ಕಷ್ಟೇ, ಮೂಗು ಮತ್ತು ಕಿವಿ ಬಹಳ ಚುರುಕು. ಮೊದಲು ಕಾಣುವುದು ನೀರಿನ ಮೇಲೆ ಎರಡು ಕಡೆ ಬಿಚ್ಚಿಕೊಳ್ಳುವ ಗೆರೆ, ಅದರ ತುದಿಯಲ್ಲಿ ಕಂದು ತಲೆ. ಬೆನ್ನೂ ಕಾಣುತ್ತಿದ್ದು ಹಿಂದೆ ತೆಳ್ಳನೆ ಬಾಲ ಅತ್ತಿತ್ತ ಆಡುತ್ತಿದ್ದರೆ ಅದು ಮಸ್ಕ್ರಾಟ್, ಬೀವರ್‌ಗಿಂತ ಚಿಕ್ಕದಾದ ಇನ್ನೊಂದು ದಂಶಕ. ನಮ್ಮ ಭದ್ರಾ, ಕಾವೇರಿಯಲ್ಲಿ ನೀರುನಾಯಿ ಕಂಡವರು ಬೀವರ್ ಕೂಡ ಮೀನು ಹಿಡಿಯುತ್ತೆ ಅಂದುಕೊಳ್ಳುವುದುಂಟು, ಇಲ್ಲ. ಅದು ಶುದ್ಧ ಸಸ್ಯಾಹಾರಿ. ದಡದ ಹತ್ತಿರ ಬಂದು ಕೊಂಬೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸುತ್ತಾ ತೊಗಟೆ ಕೆರೆಯುವ ಸದ್ದು ಕಿವಿಗೆ ಬಿದ್ದರೆ, ಆ ಸಂಜೆಗೆ ಬೇರೇನೂ ಬೇಡ ಅನ್ನಿಸುತ್ತೆ ನನಗೆ. ದೂರದರ್ಶಕ ಇದ್ದರೆ ಹಲ್ಲು ನೋಡಿ, ಕಿತ್ತಳೆ ಬಣ್ಣ. ಎನಾಮೆಲ್‌ನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಾಗೆ. ನೀವು ಜೋರಾಗಿ ಮಾತಾಡಿದರೆ ಬಾಲದಿಂದ ನೀರಿಗೆ ರಪ್ಪನೆ ಹೊಡೆದು ಮುಳುಗುತ್ತೆ, ಮನೆಯವರಿಗೆಲ್ಲಾ ಅದು ಎಚ್ಚರಿಕೆ. ಹದಿನೈದು ನಿಮಿಷದವರೆಗೂ ನೀರೊಳಗೆ ಇರಬಲ್ಲದು, ಆದ್ದರಿಂದ ಕಾಯುವ ತಾಳ್ಮೆ ಬೇಕು.

ಈ ಪ್ರಾಣಿಯನ್ನು ಇಷ್ಟು ಸಲೀಸಾಗಿ ನೋಡಲು ಸಿಗುವುದೇ ದೊಡ್ಡದು. ಯುರೋಪಿನ ಟೋಪಿಗಳಿಗಾಗಿ ಇದರ ತುಪ್ಪಳದ ವ್ಯಾಪಾರ ಶತಮಾನಗಳ ಕಾಲ ನಡೆದು, ಎಷ್ಟೋ ಕಡೆ ಸಂತತಿಯೇ ಅಳಿದುಹೋಗಿತ್ತು. 1893ರಲ್ಲಿ ಆಲ್ಗಾಂಕ್ವಿನ್ ಪಾರ್ಕ್ ಆದ ಮೇಲೆ ಇಲ್ಲಿ ಅದಕ್ಕೆ ನೆಲೆ ಉಳಿಯಿತು. 1937ರಿಂದ ಕೆನಡಾದ ಐದು ಸೆಂಟಿನ ನಾಣ್ಯದ ಮೇಲಿದೆ, 1975ರಲ್ಲಿ ದೇಶದ ಅಧಿಕೃತ ಲಾಂಛನವಾಯಿತು. ಅಪ್ಪನ ಕೈಗೆ ಒಂದು ಐದು ಸೆಂಟು ಕೊಟ್ಟಿರಿ.

ನೀರಲ್ಲಿ ನಿಂತು ಸತ್ತ ಮರಗಳನ್ನು ನೋಡಿ ಕಾಡು ಹಾಳಾಗಿದೆ ಅಂತ ಎಷ್ಟೋ ಜನ ಮರುಗುತ್ತಾರೆ. ಆ ಬೋಳು ಮರದ ತುದಿಯಲ್ಲೇ ಗ್ರೇಟ್ ಬ್ಲೂ ಹೆರಾನ್ ಗೂಡು ಕಟ್ಟುವುದು, ಪೊಟರೆಗಳಲ್ಲಿ ಟ್ರೀ ಸ್ವಾಲೋ, ವುಡ್ ಡಕ್ ಮರಿ ಮಾಡುವುದು. ಬಿದ್ದ ದಿಮ್ಮಿಯ ಮೇಲೆ ಪೇಂಟೆಡ್ ಆಮೆಗಳು ಬಿಸಿಲು ಕಾಯುತ್ತವೆ. ನೈದಿಲೆಯಂಥ ನೀರುಗಿಡಗಳಲ್ಲಿ ಸೋಡಿಯಂ ಸಿಗುವುದರಿಂದ ಬೇಸಿಗೆಯಲ್ಲಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಎದೆಮಟ್ಟ ನೀರಿಗಿಳಿದು ಮೇಯುತ್ತೆ. ಮೂಸ್ ಕಂಡರೆ ಫೋಟೋಗಾಗಿ ಹತ್ತಿರ ಹೋಗಬೇಡಿ, ಮರಿ ಇದ್ದರಂತೂ ಹಿಂದಕ್ಕೇ ಸರಿಯಿರಿ.

ಅಪ್ಪ ಅಮ್ಮನನ್ನು ಬಿಟ್ಟು ನೀವೇ ಒಂದು ದಿನ ಹೋಗುವುದಾದರೆ ಮಿಝಿ ಲೇಕ್ ಟ್ರೇಲ್ ಮಾಡಿ. ಹೈವೇಯ 15ನೇ ಕಿಲೋಮೀಟರ್ ದಾಟಿದ ಮೇಲೆ ಅದರ ತಿರುವು. ಸುಮಾರು 10-11 ಕಿಲೋಮೀಟರ್ ಸುತ್ತು, ಒಂಬತ್ತು ಕೊಳ ಮತ್ತು ಸಣ್ಣ ಸರೋವರಗಳು ಸಿಗುತ್ತವೆ. ಪ್ರಾಣಿಗಳಿಗೆ ತೊಂದರೆಯಾಗಬಾರದೆಂದು ಅಲ್ಲಿಗೆ ನಾಯಿ ಬಿಡುವುದಿಲ್ಲ. ನನ್ನ ಪ್ರಕಾರ ಪಾರ್ಕಿನ ಎಲ್ಲ ಟ್ರೇಲ್‌ಗಳಲ್ಲಿ ಇದೇ ಶ್ರೇಷ್ಠ, ಆದರೆ ಬೆಳಕು ಹರಿಯುವ ಹೊತ್ತಿಗೇ ಹೆಜ್ಜೆ ಇಟ್ಟಿರಬೇಕು. ವುಲ್ಫ್ ಹೌಲ್ ಪಾಂಡ್, ವೆಸ್ಟ್ ರೋಸ್ ಲೇಕ್ ಇರುವ ಭಾಗ 1890ರ ದಶಕದಲ್ಲಿ ಹಾಕಿದ ರೈಲು ಹಾದಿ. ಹಳಿ ಈಗಿಲ್ಲ, ದಾರಿ ಸಮತಟ್ಟು, ಎರಡೂ ಕಡೆ ನೀರು.

ಇನ್ನು ತಯಾರಿ. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಬ್ಲ್ಯಾಕ್ ಫ್ಲೈ ಎಂಬ ಕಚ್ಚುವ ಸಣ್ಣ ನೊಣಗಳ ಕಾಟ ವಿಪರೀತ, ಜುಲೈ ಹೊತ್ತಿಗೆ ಅದು ಇಳಿದಿರುತ್ತೆ, ಸೊಳ್ಳೆ ಇರುತ್ತವೆ. ಉದ್ದ ತೋಳಿನ ತಿಳಿಬಣ್ಣದ ಬಟ್ಟೆ ಹಾಕಿಸಿ, ಔಷಧಿ ಹಚ್ಚಿಸಿ. ಕೊಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ, ಜಿಯಾರ್ಡಿಯಾ ಎಂಬ ಪರೋಪಜೀವಿ ಇರಬಹುದು. ವಾಹನದ ದಿನದ ಪರ್ಮಿಟ್ ಮೊದಲೇ ಆನ್‌ಲೈನಿನಲ್ಲಿ ಮಾಡಿಕೊಳ್ಳಿ, ವೀಕೆಂಡ್ ಬಿಟ್ಟು ವಾರದ ನಡುವೆ ಹೋದರೆ ಇನ್ನೂ ಒಳ್ಳೆಯದು. ಕತ್ತಲಾದ ಮೇಲೆ ಮಿಸಿಸಾಗಾಗೆ ವಾಪಸ್ ಡ್ರೈವ್ ಮಾಡುವ ಯೋಚನೆ ಬೇಡ. ಮೂಸ್ ಮೈಬಣ್ಣ ಕಪ್ಪು, ಕಾಲು ಉದ್ದ, ಹೆಡ್‌ಲೈಟಿಗೆ ಕಣ್ಣು ಹೊಳೆಯುವ ಮಟ್ಟದಲ್ಲೇ ಇರುವುದಿಲ್ಲ, ರಸ್ತೆಯಲ್ಲಿ ನಿಂತಿದ್ದರೂ ಕೊನೆಯ ಕ್ಷಣದವರೆಗೆ ಕಾಣುವುದಿಲ್ಲ. ಪೂರ್ವದ ಗೇಟು ದಾಟಿದರೆ ವಿಟ್ನಿ ಎಂಬ ಚಿಕ್ಕ ಊರಿದೆ, ಅಲ್ಲೇ ರೂಮ್ ಮಾಡಿ. ಬೀವರ್ ಪಾಂಡ್‌ನಿಂದ ಹತ್ತಿರ. ಅಷ್ಟು ದೂರವನ್ನೂ ನಿಧಾನಕ್ಕೇ ಓಡಿಸಿ, ಪಕ್ಕದ ಸೀಟಿನಲ್ಲಿ ಕೂತವರು ರಸ್ತೆಯಂಚು ನೋಡುತ್ತಿರಲಿ.