ಬೆಳಗಾವಿಯಲ್ಲಿ ಹಳೇ ಗಾಡಿ ಮೇಲೆ ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್ ಕಟ್ಟಿಸಿ ಓಡಿಸಬಹುದೇ?

ಕಟ್ಟಿಸಬಹುದು, ಆದರೆ ರಸ್ತೆಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಮಾರ್ಪಡಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು.

ಕೈಕೆಲಸಕ್ಕೆ ನಮ್ಮೂರಲ್ಲಿ ಕೊರತೆಯಿಲ್ಲ ನೋಡ್ರಿ. ಲೇತ್, ಎರಕ, ವೆಲ್ಡಿಂಗ್ ಎಲ್ಲ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲೇ ಸಿಗುತ್ತವೆ. ತ್ರಾಸು ಕೊಡುವುದು ಅಳತೆ. 1966ರ ಬ್ಯಾಟ್‌ಮ್ಯಾನ್ ಟಿವಿ ಸರಣಿಯ ಕಾರನ್ನು ಜಾರ್ಜ್ ಬ್ಯಾರಿಸ್ ಕಟ್ಟಿದ್ದು 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರಿನಿಂದ. ಅದರ ಉದ್ದ 5.7 ಮೀಟರಿಗೂ ಹೆಚ್ಚು. ನಮ್ಮ ಅಂಬಾಸಿಡರ್ ಸುಮಾರು 4.3 ಮೀಟರ್ ಅಷ್ಟೇ, ಮೇಲಾಗಿ ಅದಕ್ಕೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅದನ್ನು ಕೊಯ್ದು ಉದ್ದ ಮಾಡುವ ಸಾಹಸ ದಯವಿಟ್ಟು ಬೇಡ. ಹಳೇ ಬೊಲೆರೊದಂಥ, ಚಾಸಿ ಪ್ರತ್ಯೇಕ ಇರುವ ಗಾಡಿ ಹುಡುಕಿ. ಅದನ್ನು ಉದ್ದ ಮಾಡಿದರೂ ಡ್ರೈವ್ ಶಾಫ್ಟ್, ಬ್ರೇಕ್ ಪೈಪ್ ಹೊಸದೇ ಬೇಕು.

ಬಾಡಿ ಫೈಬರ್‌ನದು. ಅಚ್ಚಿಗೆ ಮೇಣ ಸವರಿ, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಎಂಬ ಅಂಟುದ್ರವ ಹಚ್ಚಿ, ಒಣಗುವ ಮೊದಲೇ ರೋಲರ್ ಎಳೆದು ಗಾಳಿಗುಳ್ಳೆ ಹೊರಗೆ ತಳ್ಳುತ್ತಾರೆ. ಇಲ್ಲಿ ಅವಸರ ಮಾಡಬೇಡಿ; ಒಳಗೆ ಗುಳ್ಳೆ ಉಳಿದರೆ ಬಿಸಿಲಿಗೆ ಪೇಂಟ್ ಉಬ್ಬುತ್ತದೆ.

ಮಾಡಿ ಮಾರುವ ವಿಚಾರವಿದ್ದರೆ ಮೊದಲು ವಕೀಲರನ್ನು ಕಾಣಿ. ಬ್ಯಾಟ್‌ಮೊಬೈಲಿಗೆ ಒಂದು ಪಾತ್ರದಂತೆಯೇ ಕೃತಿಸ್ವಾಮ್ಯ ಇದೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2015ರಲ್ಲಿ ಹೇಳಿದೆ. ಆ ಕೇಸು ಇಂಥ ಪ್ರತಿಗಳನ್ನು ಮಾರುತ್ತಿದ್ದ ಗ್ಯಾರೇಜಿನವರ ಮೇಲೇ ಆಗಿತ್ತು.

ನಿಮ್ಮ ಸ್ವಂತ ಹೊಲ, ಅಂಗಳದಲ್ಲಿ ಓಡಿಸಿ ಖುಷಿಪಡಿ. ಗಣೇಶೋತ್ಸವಕ್ಕೆ ಊರೊಳಗೆ ತರಬೇಕೆಂದರೆ ಟ್ರೇಲರ್ ಮೇಲೆ ಏರಿಸಿಕೊಂಡೇ ಬನ್ನಿ.